ಮೂತ್ರಪಿಂಡ ಸೋತರೆ ಮೂಳೆಯೂ ಸೊರಗುತ್ತದೆ

ಮೂತ್ರಪಿಂಡದ ಕಾಯಿಲೆ ಇರುವವರ ಮನೆಯಲ್ಲಿ ‘ಕ್ರಿಯಾಟಿನಿನ್’ ಎಂಬ ಹೆಸರು ಕೇಳದವರು ಇರುವುದಿಲ್ಲ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಮೊದಲು ಹೋಗುವುದು ಆ ಅಂಕಿಯ ಕಡೆಗೆ. ಅದು ಏರಿದರೆ ಆತಂಕ, ಇಳಿದರೆ ನೆಮ್ಮದಿ. ಆದರೆ ಅದೇ ರೋಗಿಯ ಮೂಳೆ ಎಷ್ಟು ಗಟ್ಟಿಯಾಗಿದೆ, ಮಾಂಸಖಂಡ ಎಷ್ಟು ಉಳಿದಿದೆ ಎಂದು ವಿಚಾರಿಸುವವರು ಕಡಿಮೆ. ಮೂತ್ರಪಿಂಡಕ್ಕೂ ಮೂಳೆಗೂ ಎತ್ತಣ ಸಂಬಂಧ ಎಂದು ಅನೇಕರು ಅಚ್ಚರಿಪಡಬಹುದು.

ಗೊತ್ತಿರದ ಕೆಲಸ

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಮತ್ತೆ ರಕ್ತಕ್ಕೇ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಹೋಗುತ್ತದೆ. ಇದು ಪಠ್ಯಪುಸ್ತಕ ಓದಿದ ವಿದ್ಯಾರ್ಥಿಗಳಿಗೆಲ್ಲ ಗೊತ್ತು.

ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಬಿಸಿಲಿನ ನೆರವಿನಿಂದ ಚರ್ಮದಲ್ಲಿ ತಯಾರಾಗುವ ಡಿ ಜೀವಸತ್ವವು ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ಅದು ಮೊದಲು ಪಿತ್ತಜನಕಾಂಗದಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಬದಲಾವಣೆ ಹೊಂದಬೇಕು. ಈ ಕೊನೆಯ ಹಂತ ನಡೆಯುವುದು ಮೂತ್ರಪಿಂಡದಲ್ಲಿ ಎಂಬುದನ್ನು 1970ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫ್ರೇಸರ್ ಮತ್ತು ಕೊಡಿಚೆಕ್ ತೋರಿಸಿಕೊಟ್ಟರು. ಹೀಗೆ ಸಿದ್ಧವಾದ ಡಿ ಜೀವಸತ್ವವಿದ್ದರೆ ಮಾತ್ರ ಕರುಳು ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ರಕ್ತದಲ್ಲಿ ಹೆಚ್ಚಾದ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಹೊರಹಾಕುವ ಹೊಣೆಯೂ ಮೂತ್ರಪಿಂಡದ್ದೇ.

ಠೇವಣಿಗೆ ಕೈ

ಮೂತ್ರಪಿಂಡ ದುರ್ಬಲವಾದಾಗ ಫಾಸ್ಫರಸ್ ರಕ್ತದಲ್ಲಿ ಉಳಿಯುತ್ತದೆ, ಕ್ಯಾಲ್ಸಿಯಂ ಕಡಿಮೆಯಾಗತೊಡಗುತ್ತದೆ. ಆಗ ಎಚ್ಚೆತ್ತುಕೊಳ್ಳುವುದು ಕುತ್ತಿಗೆಯಲ್ಲಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅಕ್ಕಿಕಾಳಿನಷ್ಟು ಚಿಕ್ಕವಾದ ಇವು ಹೆಚ್ಚು ಹಾರ್ಮೋನು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರುತ್ತವೆ. ದೇಹದ ಕ್ಯಾಲ್ಸಿಯಂನ ಶೇಕಡ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಬ್ಯಾಂಕಿಗೆ ಜಮಾ ಮಾಡದೆ ದಿನವೂ ಹಣ ತೆಗೆದಂತೆ, ಈ ಠೇವಣಿ ವರ್ಷಗಟ್ಟಲೆ ಕರಗುತ್ತದೆ.

ಆರಂಭದಲ್ಲಿ ನೋವಿರುವುದಿಲ್ಲ. ಎಷ್ಟೋ ಮಂದಿಗೆ ಇದು ತಿಳಿಯುವುದು ಸಣ್ಣಗೆ ಬಿದ್ದು ಮೂಳೆ ಮುರಿದಾಗಲೇ. ಮಕ್ಕಳಿಗೆ ಈ ಕಾಯಿಲೆ ಬಂದರೆ ಬೆಳವಣಿಗೆ ಕುಂಠಿತವಾಗಬಹುದು, ಕಾಲುಗಳು ಬಾಗಬಹುದು. ಮೂಳೆಯಲ್ಲಿರಬೇಕಾದ ಕ್ಯಾಲ್ಸಿಯಂ ರಕ್ತನಾಳಗಳ ಗೋಡೆಯಲ್ಲಿ ಸೇರಿಕೊಂಡು ಹೃದಯಕ್ಕೂ ತೊಂದರೆ ಕೊಡುವುದುಂಟು.

ಡಯಾಲಿಸಿಸ್ ಮಾಡಿಸಿಕೊಂಡರೆ ಇವೆಲ್ಲ ಸರಿಹೋಗುತ್ತವೆ ಎಂಬ ನಂಬಿಕೆ ಸಾಮಾನ್ಯ. ಯಂತ್ರ ರಕ್ತವನ್ನು ಸೋಸುತ್ತದೆ, ನಿಜ. ಆದರೆ ಅದು ಡಿ ಜೀವಸತ್ವವನ್ನು ಸಿದ್ಧಪಡಿಸಲಾರದು. ಫಾಸ್ಫರಸ್ಸನ್ನೂ ಪೂರ್ತಿಯಾಗಿ ತೆಗೆಯಲಾರದು.

ಅಂಕಿ ಇಳಿದರೆ ಸಂತೋಷವೇ?

ಮಾಂಸಖಂಡದ ನಷ್ಟ ಇನ್ನೂ ಗುಟ್ಟಾಗಿ ನಡೆಯುತ್ತದೆ. ರಕ್ತದಲ್ಲಿ ಸೇರಿದ ಆಮ್ಲವು ಸ್ನಾಯುವಿನ ಪ್ರೋಟೀನ್ ಕರಗುವಂತೆ ಮಾಡುತ್ತದೆ. ಜೊತೆಗೆ ಊಟ ರುಚಿಸುವುದಿಲ್ಲ, ಆಯಾಸದಿಂದ ಓಡಾಟವೂ ತಗ್ಗುತ್ತದೆ. ತೂಕ ನೋಡಿದರೆ ಹಿಂದಿನಷ್ಟೇ ಇರಬಹುದು, ಏಕೆಂದರೆ ಕರಗಿದ ಮಾಂಸದ ಜಾಗವನ್ನು ಮೈಯಲ್ಲಿ ನಿಂತ ನೀರು ತುಂಬಿರುತ್ತದೆ.

ಕ್ರಿಯಾಟಿನಿನ್ನಿನ ಅಂಕಿಯೂ ಇಲ್ಲಿ ಮೋಸ ಮಾಡಬಲ್ಲದು. ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡಗಳಲ್ಲಿ. ಸೌದೆ ಕಡಿಮೆಯಾದರೆ ಬೂದಿಯೂ ಕಡಿಮೆ. ಅಂತೆಯೇ ಮಾಂಸಖಂಡ ಕರಗಿದರೆ, ಮೂತ್ರಪಿಂಡ ಸುಧಾರಿಸದೆಯೇ ಕ್ರಿಯಾಟಿನಿನ್ ಇಳಿಯಬಹುದು. ಮನೆಯವರು ಸಂತೋಷಪಡುತ್ತಿರುವಾಗ ರೋಗಿ ಸೊರಗುತ್ತಿರುತ್ತಾರೆ. ನೆಲದಿಂದ ಏಳಲು ಕೈಯೂರಬೇಕಾಗುವುದು, ಮೆಟ್ಟಿಲು ಹತ್ತಲು ಕಷ್ಟವಾಗುವುದು, ಡಬ್ಬಿಯ ಮುಚ್ಚಳ ತಿರುಗಿಸಲಾಗದಿರುವುದು ಇದರ ಸೂಚನೆಗಳು. ‘ವಯಸ್ಸಾಯಿತು’ ಎಂದು ಸುಮ್ಮನಿರದೆ ವೈದ್ಯರಿಗೆ ಹೇಳಬೇಕು.

ಮಾಡಬೇಕಾದದ್ದೇನು?

ಕ್ಯಾಲ್ಸಿಯಂ, ಫಾಸ್ಫರಸ್, ಡಿ ಜೀವಸತ್ವ ಹಾಗೂ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆ ಯಾವಾಗ ಬೇಕೆಂದು ವೈದ್ಯರನ್ನು ಕೇಳಿ ತಿಳಿಯಬೇಕು. ಮೂಳೆ ಗಟ್ಟಿಯಾಗಲೆಂದು ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುವುದು ಅಪಾಯ. ಫಾಸ್ಫರಸ್ ತಡೆಯಲು ಕೊಡುವ ಮಾತ್ರೆಗಳು ಊಟದಲ್ಲಿನ ಫಾಸ್ಫರಸ್ಸನ್ನು ಹಿಡಿದಿಡುವಂಥವು. ಆದ್ದರಿಂದ ಅವನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಕೋಲಾ ಪಾನೀಯಗಳಲ್ಲಿ, ಪೊಟ್ಟಣದ ತಿನಿಸುಗಳಲ್ಲಿ ಸೇರಿಸಿದ ಫಾಸ್ಫೇಟನ್ನು ದೇಹ ಸುಲಭವಾಗಿ ಹೀರುತ್ತದೆ. ಬೇಳೆಕಾಳಿನಲ್ಲಿ ಸಹಜವಾಗಿರುವುದನ್ನು ಅಷ್ಟು ಹೀರುವುದಿಲ್ಲ.

ಪ್ರೋಟೀನ್ ವಿಷಯದಲ್ಲಿ ಗೊಂದಲ ಹೆಚ್ಚು. ಡಯಾಲಿಸಿಸ್‌ಗೆ ಮೊದಲು ಪ್ರೋಟೀನ್ ಮಿತವಾಗಿರಲಿ ಎಂದು ವೈದ್ಯರು ಹೇಳುವುದುಂಟು. ಡಯಾಲಿಸಿಸ್ ಆರಂಭವಾದ ಮೇಲೆ ಅದರ ಅಗತ್ಯ ಹೆಚ್ಚುತ್ತದೆ. ಹಳೆಯ ಪಥ್ಯವನ್ನೇ ಮುಂದುವರಿಸಿದರೆ ಮಾಂಸಖಂಡ ಕರಗುವುದು ಇನ್ನೂ ಹೆಚ್ಚುತ್ತದೆ. ಹಂತ ಬದಲಾದಾಗ ಪಥ್ಯದ ಬಗ್ಗೆ ಮತ್ತೆ ಕೇಳಬೇಕು. ವೈದ್ಯರು ಒಪ್ಪಿದರೆ ನಡಿಗೆ, ಕುರ್ಚಿಯಿಂದ ಎದ್ದು ಕೂರುವಂಥ ಹಗುರ ವ್ಯಾಯಾಮವೂ ಒಳ್ಳೆಯದು.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ದೊರೆಯುತ್ತಿದೆ. ಆಸ್ಪತ್ರೆಗೆ ಹೋದಾಗಲೆಲ್ಲ ಕೇಳಿ ತಿಳಿಯಲು ಅವಕಾಶವಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದು ನೋಟ್‌ಪುಸ್ತಕದಲ್ಲಿ ಅಜ್ಜನದೋ ಅಮ್ಮನದೋ ಪರೀಕ್ಷೆಯ ಅಂಕಿಗಳನ್ನು ದಿನಾಂಕ ಸಮೇತ ಬರೆದಿಡಲಿ. ಕ್ರಿಯಾಟಿನಿನ್ನಿನ ಪಕ್ಕದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ಸಿಗೂ ಒಂದೊಂದು ಕಲಂ ಇರಲಿ. ನೆಲದಿಂದ ಕೈಯೂರದೆ ಏಳುತ್ತಾರೆಯೇ ಎಂಬುದಕ್ಕೆ ಇನ್ನೊಂದು.