ಒಂದೇ ಕೆಲಸಕ್ಕೆ ಹೆಸರೇತಕ್ಕೆ?

ಆದವಾನಿಯ ಹತ್ತಿಯ ಪೇಟೆಯನ್ನು ಕಾಣದವರು ನಮ್ಮ ಪಾಲಕರಲ್ಲಿ ವಿರಳ. ಮೂಟೆಯನ್ನು ತಕ್ಕಡಿಗೆ ಏರಿಸಿದೊಡನೆ ತೂಗುವವನು ‘ನಲವತ್ತೆರಡು’ ಎಂದಷ್ಟೇ ಕೂಗಿದರೆ, ಅದು ಏನೆಂದು ಯಾರೂ ಕೇಳರು. ಅಲ್ಲಿ ಅವನು ಮಾಡುವ ಕೆಲಸ ಒಂದೇ; ಆದುದರಿಂದ ಅದರ ಹೆಸರನ್ನು ಹೇಳಬೇಕಾಗಿಲ್ಲ. ಅವನೇ ದರವನ್ನೂ ಕೂಗುವಂತಿದ್ದರೆ, ಆ ಒಂದು ಸಂಖ್ಯೆ ಜಗಳಕ್ಕೆ ಕಾರಣವಾದೀತು. ಇಷ್ಟನ್ನು ಬಲ್ಲವರು ಜಾವಾ ಎಂಬ ಗಣಕಭಾಷೆಯ ಒಂದು ಮುಖ್ಯ ತತ್ತ್ವವನ್ನೂ ಅರಿಯಬಲ್ಲರು.

ಜಾವಾದಲ್ಲಿ ‘ಇಂಟರ್‌ಫೇಸ್’ ಎಂಬುದು ಒಂದು ಕರಾರಿನಂತೆ. ‘ಈ ಸ್ಥಾನಕ್ಕೆ ಬರುವವರು ಇಂತಿಂಥ ಕೆಲಸವನ್ನು ಮಾಡಿಕೊಡತಕ್ಕದ್ದು’ ಎಂದು ಅದು ವಿಧಿಸುತ್ತದೆ; ಮಾಡುವ ಬಗೆಯನ್ನು ನಮಗೇ ಬಿಡುತ್ತದೆ. ಅಂಥ ಕೆಲಸಕ್ಕೆ ‘ಮೆಥಡ್’ ಎಂದು ಹೆಸರು. ಒಂದು ತರಗತಿಯ ಮಕ್ಕಳ ಪಟ್ಟಿಯನ್ನು, ಹೆಚ್ಚು ಅಂಕ ಪಡೆದವರು ಮೊದಲು ಬರುವಂತೆ ಜೋಡಿಸಬೇಕಾಗಿದೆ ಎನ್ನೋಣ. ಜೋಡಿಸುವ ಶ್ರಮ ಯಂತ್ರದ್ದು. ಆದರೆ ಇಬ್ಬರಲ್ಲಿ ಯಾರು ಮುಂದೆ ಎಂಬ ನಿರ್ಣಯವನ್ನು ನಾವು ಕೊಡಬೇಕು. ಅದಕ್ಕಾಗಿ ‘ಕಂಪ್ಯಾರೇಟರ್’ ಎಂಬ ಇಂಟರ್‌ಫೇಸ್ ಇದೆ. ಅದು ನಮ್ಮಿಂದ ಬಯಸುವುದು ಹೋಲಿಕೆ ಎಂಬ ಒಂದೇ ಕೆಲಸವನ್ನು.

ಹಿಂದೆ ಈ ಒಂದು ಹೋಲಿಕೆಗಾಗಿ ಕರಾರಿನ ಹೆಸರು, ಮೆಥಡಿನ ಹೆಸರು, ಅದು ಪಡೆಯುವ ಹಾಗೂ ಹಿಂತಿರುಗಿಸುವ ಮೌಲ್ಯಗಳ ಬಗೆ, ಇವೆಲ್ಲವನ್ನೂ ಹಲವು ಸಾಲುಗಳಲ್ಲಿ ಬರೆಯಬೇಕಾಗಿತ್ತು. 2014ರ ಮಾರ್ಚ್‌ನಲ್ಲಿ ಬಂದ ಜಾವಾ 8ರಿಂದೀಚೆಗೆ ಇಷ್ಟೇ ಸಾಕು:

(ಅ, ಆ) -> ಆ.ಅಂಕ - ಅ.ಅಂಕ

ಬಾಣದ ಎಡಕ್ಕಿರುವವರು ಇಬ್ಬರು ವಿದ್ಯಾರ್ಥಿಗಳು, ಬಲಕ್ಕಿರುವುದು ನಿರ್ಣಯ. ಅ ಪಡೆದದ್ದು 70, ಆ ಪಡೆದದ್ದು 85 ಆದರೆ ಉತ್ತರ 15. ಉತ್ತರ ಸೊನ್ನೆಗಿಂತ ಹೆಚ್ಚಾದರೆ ಅ ಹಿಂದಕ್ಕೆ, ಕಡಿಮೆಯಾದರೆ ಮುಂದಕ್ಕೆ; ಸೊನ್ನೆಯಾದರೆ ಇಬ್ಬರೂ ಸಮಾನರು. ಇಂಥ ಬರಹಕ್ಕೆ ‘ಲ್ಯಾಂಬ್ಡಾ’ ಎಂದು ಹೆಸರು. ಇದು ಗ್ರೀಕ್ ಭಾಷೆಯ ಒಂದು ಅಕ್ಷರ. ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರು 1930ರ ದಶಕದಲ್ಲಿ ತಮ್ಮ ಗಣಿತದಲ್ಲಿ ಇದನ್ನು ಬಳಸಿದರು.

ಮೆಥಡಿನ ಹೆಸರನ್ನೇ ಬರೆಯದಿದ್ದರೆ ಯಂತ್ರಕ್ಕೆ ತಿಳಿಯುವುದೆಂತು? ನಮ್ಮ ಬರಹವನ್ನು ಪರೀಕ್ಷಿಸುವ ‘ಕಂಪೈಲರ್’ ಆ ಸ್ಥಾನ ಯಾವ ಕರಾರನ್ನು ಬಯಸುತ್ತದೆಂದು ಮೊದಲೇ ಬಲ್ಲದು. ಆ ಕರಾರಿನಲ್ಲಿ ನಾವು ಪೂರೈಸಬೇಕಾದ ಮೆಥಡ್ ಒಂದೇ ಆಗಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಎರಡಿದ್ದರೆ ಅದು ಊಹಿಸಲು ಹೋಗದೆ ಬರಹವನ್ನೇ ತಿರಸ್ಕರಿಸುತ್ತದೆ. ಕನ್ನಡದಲ್ಲಿ ‘ಬಂದೆನು’ ಎಂದರೆ ‘ನಾನು’ ಎಂದು ಬೇರೆ ಹೇಳಬೇಕೆ? ಕ್ರಿಯಾಪದದ ಕೊನೆಯೇ ಕರ್ತೃವನ್ನು ಸೂಚಿಸುತ್ತದೆ. ನಿಶ್ಚಿತವಾದುದನ್ನು ಬಿಡುವುದೇ ಸಂಕ್ಷೇಪ. ಅನಿಶ್ಚಿತವಾದುದನ್ನು ಬಿಡುವುದು ದೋಷ. ಹಲವು ಹಂತಗಳ ಕೆಲಸವನ್ನು ಬಾಣದ ಮುಂದೆ ತುರುಕುವುದೂ ತರವಲ್ಲ. ಅದಕ್ಕೆ ಪ್ರತ್ಯೇಕ ಹೆಸರಿಟ್ಟು ಬರೆಯುವುದೇ ಲೇಸು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಈ ಆದವಾನಿ, ಆಲೂರು ಸೀಮೆಯಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಪಾಲಕರಿಗೆ ಒಂದು ಅಳುಕುಂಟು: ಕನ್ನಡದಲ್ಲಿ ಓದಿದವರಿಗೆ ಗಣಕವಿದ್ಯೆ ದಕ್ಕೀತೇ? ಜಾವಾದ ಮೂಲ ಪದಗಳು ಇಂಗ್ಲಿಷಿನವು, ನಿಜ, ಅವನ್ನು ಕಲಿಯಲೇಬೇಕು. ಆದರೆ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿದ್ದರೂ ಆ ಭಾಷೆ ಒಪ್ಪುತ್ತದೆ; ಮೇಲಿನ ಸಾಲು ಅದಕ್ಕೆ ಸಾಕ್ಷಿ. ಅದಕ್ಕಿಂತ ಮಿಗಿಲಾಗಿ, ಏನನ್ನು ಹೇಳಬೇಕು, ಏನನ್ನು ಬಿಡಬಹುದು ಎಂಬ ವಿವೇಕವನ್ನು ನಮ್ಮ ಮಕ್ಕಳು ಕನ್ನಡ ವ್ಯಾಕರಣದ ಪಾಠದಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದಾರೆ. ವಿದ್ಯಾರ್ಥಿಗಳು ಆ ಸಾಲನ್ನು ಬಾಯಿಪಾಠ ಮಾಡದೆ, ಅದರಲ್ಲಿ ಬಿಟ್ಟುಹೋದ ಮಾತುಗಳಾವುವು ಎಂದು ಕೇಳಿಕೊಳ್ಳಲಿ. ಅವನ್ನು ಹೇಳಬಲ್ಲವರಿಗೆ ಆ ಸಾಲು ನಿಜವಾಗಿ ದಕ್ಕಿತೆಂದು ನಾವು ಭಾವಿಸುತ್ತೇವೆ.