ಬುಲೆಟ್ಟಿನ ಹೊಟ್ಟೆಯೊಳಗೊಂದು ಬಾತುಕೋಳಿ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ನನ್ನ ಹಳೆಯ ಬುಲೆಟ್ ಮೂರನೇ ಸಲ ಎಣ್ಣೆ ಕಾರಿತು. ಹಿಂದಿನ ಎರಡು ಸಲವೂ ಗ್ಯಾಸ್ಕೆಟ್ ಬದಲಿಸಿ ಕೈ ಸುಟ್ಟುಕೊಂಡಿದ್ದೆ. ತಗಡಿನ ಶೆಡ್ಡಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ನಿನ ಸಂದಿಗೆ ಕೈ ತೂರಿಸಿ ಹೆಬ್ಬೆರಳಷ್ಟು ದಪ್ಪದ ರಬ್ಬರ್ ತುಂಡೊಂದನ್ನು ಕಿತ್ತು ನನ್ನ ಅಂಗೈ ಮೇಲಿಟ್ಟ.

“ಇದರ ಬಾಯಿ ಕಟ್ಟೇತ್ರಿ. ಉಸುರು ಹೊರಗ ಹೋಗವಲ್ದು. ಅದಕ್ಕ ಸಿಕ್ಕಸಿಕ್ಕಲ್ಲೆ ಎಣ್ಣಿ ಉಗಳಾಕತ್ತೇತಿ.”

ನೋಡುತ್ತೇನೆ, ಬಾತುಕೋಳಿಯ ಕೊಕ್ಕು! ಪೆಟ್ರೋಲಿನಲ್ಲಿ ತೊಳೆದು ಊದಿದೆ: ತುಟಿ ಬಿಚ್ಚಿ ಗಾಳಿ ಪುಸ್ಸೆಂದು ಹೊರಗೆ. ಹೀರಿದೆ: ಗಪ್ಪನೆ ಬಾಯಿ ಮುಚ್ಚಿತು. ಮತ್ತೆ ಊದಿದೆ, ಮತ್ತೆ ಹೀರಿದೆ. ನಾಲಿಗೆಯೆಲ್ಲ ಪೆಟ್ರೋಲು, ಆದರೆ ನಿಲ್ಲಿಸಲು ಮನಸ್ಸಾಗಲಿಲ್ಲ.

ಪಿಸ್ಟನ್ನಿನ ಮೇಲೆ ಬೆಂಕಿ ಹತ್ತುವುದು ನಮಗೆಲ್ಲ ಗೊತ್ತು. ಅದರ ಕೆಳಗೇನಾಗುತ್ತದೆ ಎಂದು ಇಷ್ಟು ವರ್ಷ ಕಿಕ್ ಹೊಡೆದ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ! 350ರ ಬುಲೆಟ್ಟಿನಲ್ಲಿ 70 ಮಿಲಿಮೀಟರ್ ಅಗಲದ ಪಿಸ್ಟನ್ 90 ಮಿಲಿಮೀಟರ್ ಕೆಳಗಿಳಿದಾಗ, ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ 346 ಸಿಸಿಯಷ್ಟು ಜಾಗ ಕಡಿಮೆಯಾಗುತ್ತದೆ. ಅಲ್ಲಿನ ಗಾಳಿ ಎಲ್ಲಿಗೆ ಹೋಗಬೇಕು? ಕೊಕ್ಕು ತೆರೆದು ಹೊರಗೆ. ಪಿಸ್ಟನ್ ಮೇಲೇರಿದರೆ ಕೊಕ್ಕು ಮುಚ್ಚುತ್ತದೆ, ಒಳಗೆ ತುಸು ನಿರ್ವಾತ ಉಳಿಯುತ್ತದೆ, ಎಣ್ಣೆ ಹೊರಗೆ ಸೋರುವ ಬದಲು ಒಳಗೇ ನಿಲ್ಲುತ್ತದೆ. ನಿಮಿಷಕ್ಕೆ 3000 ಸುತ್ತೆಂದರೆ ಸೆಕೆಂಡಿಗೆ 50 ಸಲ! ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಈ ರಬ್ಬರು ಹಲವಾರು ಸಲ ಬಾಯಿ ತೆರೆದು ಮುಚ್ಚಿರುತ್ತದೆ.

ಇಷ್ಟೇ ಅಲ್ಲ. ರಿಂಗು ಎಷ್ಟೇ ಬಿಗಿಯಿರಲಿ, ಉರಿದ ಅನಿಲ ಚೂರು ನುಸುಳಿ ಕೆಳಗಿಳಿಯುತ್ತದೆ. ಬ್ಲೋ-ಬೈ ಅನ್ನುವುದು ಇದಕ್ಕೇ. ಅದರಲ್ಲಿ ಹೊಗೆ ಇದೆ, ಸುಡದ ಪೆಟ್ರೋಲಿದೆ, ನೀರೂ ಇದೆ. ಹೌದು, ನೀರು! ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಅದರಲ್ಲೊಂದು ಪಾಲು ಕೆಳಗೆ ಸೇರಿ ಹೊರಬೀಳದಿದ್ದರೆ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ನನ್ನ ಬುಲೆಟ್ಟಿನ ಎಣ್ಣೆ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಮೆತ್ತಿಕೊಂಡಿದ್ದರ ಗುಟ್ಟು ಅಲ್ಲಿ ಬಿಚ್ಚಿತು.

ಹಾಗಾದರೆ ಆಚೆ ನಿಂತ ನಾಲ್ಕು ಸಿಲಿಂಡರಿನ ಜೀಪಿಗೂ ಕೊಕ್ಕು ಬೇಕೇ? ಬೇಡ. ಅಲ್ಲಿ ಎರಡು ಪಿಸ್ಟನ್ ಇಳಿಯುವಾಗ ಎರಡು ಏರುತ್ತವೆ, ಒಳಗಿನ ಜಾಗ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಬ್ಲೋ-ಬೈ ಒಂದು ಹೋದರಾಯಿತು. ಹಳೆಯ ಗಾಡಿಗಳಲ್ಲಿ ಅದಕ್ಕೊಂದು ಕೊಳವೆ ನೆಲದ ಕಡೆಗೆ ಇಳಿಬಿದ್ದಿರುತ್ತಿತ್ತು. ಗಾಡಿ ಓಡುವಾಗ ಬೀಸುವ ಗಾಳಿಯೇ ಬ್ಲೋ-ಬೈಯನ್ನು ಹೊರಗೆ ಹೀರಬೇಕು. ಗಾಡಿ ನಿಂತರೆ ಉಸಿರೂ ನಿಂತಂತೆ, ಓಡಿದರೆ ಊರಿಗೆಲ್ಲ ಹೊಗೆ. ಲಾಸ್ ಏಂಜಲೀಸಿನ ಹೊಗೆಮಂಜು ಕಣ್ಣುರಿಸಿದ ಮೇಲೆ, ಕ್ಯಾಲಿಫೋರ್ನಿಯಾದ 1961ರ ಮಾದರಿಯ ಕಾರುಗಳಿಗೆ ಪಿಸಿವಿ ವಾಲ್ವ್ ಬಂತು: ಆ ಹೊಗೆಯನ್ನು ಎಂಜಿನ್ನಿಗೇ ಮತ್ತೆ ಉಣಿಸುವ ಯುಕ್ತಿ. ಒಂದು ಸ್ಪ್ರಿಂಗು, ಒಂದು ಗುಂಡು ಕಡ್ಡಿ, ಅಷ್ಟೇ. ಎಂಜಿನ್ ನಿಂತಲ್ಲೇ ಗುರುಗುಟ್ಟುವಾಗ ಹೀರುವ ಸೆಳೆತ ಜೋರು, ಕಡ್ಡಿ ದಾರಿ ಕಿರಿದು ಮಾಡುತ್ತದೆ. ಆಕ್ಸಿಲರೇಟರ್ ತುಳಿದರೆ ಸೆಳೆತ ಸಡಿಲ, ಸ್ಪ್ರಿಂಗು ದಾರಿ ಬಿಡುತ್ತದೆ. ಕಂಪ್ಯೂಟರ್ ಇಲ್ಲ, ತಂತಿ ಇಲ್ಲ!

ಆದರೂ ನನ್ನ ಓಟು ಬಾತುಕೋಳಿಗೇ. ಹೊಸ ಕೊಕ್ಕು ಹಾಕಿ ಕಿಕ್ ಹೊಡೆದು ಮೇಸ್ತ್ರಿ ನನ್ನ ಬೆರಳನ್ನು ಕೊಳವೆಯ ಬಾಯಿಗೆ ಹಿಡಿಸಿದ. ಬೆಚ್ಚಗೆ, ಕರುವಿನ ಮೂಗಿನ ಹಾಗೆ, ಪುಸುಪುಸು ಬಡಿಯಿತು.

ನಿಮ್ಮ ಹಳೆಯ ಬುಲೆಟ್ ಎಣ್ಣೆ ಸೋರಿದರೆ, ಗ್ಯಾಸ್ಕೆಟ್ ಕೊಳ್ಳುವ ಮುಂಚೆ ಆ ಕೊಕ್ಕನ್ನೊಮ್ಮೆ ಕಿತ್ತು ನೋಡಿ. ಊದುವ ಮೊದಲು ಚೆನ್ನಾಗಿ ಒರೆಸಿಕೊಳ್ಳಿ.