ನವಜಾತ ಶಿಶುಗಳ ಕಾಮಾಲೆಗೆ ಬೆಳಕಿನ ಚಿಕಿತ್ಸೆ

ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯವು ಹೆಚ್ಚಾದಾಗ ನವಜಾತ ಶಿಶುವಿನ ಚರ್ಮ ಹಾಗೂ ಕಣ್ಣುಗಳು ಹಳದಿಯಾಗುತ್ತವೆ. ಸಾಮಾನ್ಯವಾಗಿ ಇದು ಒಂದೆರಡು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ ಬಿಲಿರುಬಿನ್ ಪ್ರಮಾಣ ಮಿತಿಮೀರಿದಲ್ಲಿ ಮೆದುಳಿಗೆ ಶಾಶ್ವತ ಹಾನಿ ಹಾಗೂ ಕಿವುಡುತನ ಉಂಟಾಗಬಹುದು.

ಬೆಳಕಿನ ಚಿಕಿತ್ಸೆಯಲ್ಲಿ 460ರಿಂದ 490 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಚರ್ಮದಲ್ಲಿನ ಬಿಲಿರುಬಿನ್ನನ್ನು ನೀರಿನಲ್ಲಿ ಕರಗುವ ರೂಪಕ್ಕೆ ಪರಿವರ್ತಿಸುತ್ತದೆ. ಅದು ಮಲಮೂತ್ರಗಳ ಮೂಲಕ ಹೊರಹೋಗುತ್ತದೆ. ಚಿಕಿತ್ಸೆಯ ವೇಳೆ ಮಗುವಿನ ಕಣ್ಣುಗಳಿಗೆ ಪಟ್ಟಿ ಕಟ್ಟಲಾಗುವುದು. ಎದೆಹಾಲು ನೀಡುವುದನ್ನು ನಿಲ್ಲಿಸಬಾರದು. ಎಳೆಬಿಸಿಲು ಈ ಚಿಕಿತ್ಸೆಗೆ ಪರ್ಯಾಯವಲ್ಲ.

ಜನಿಸಿದ 24 ಗಂಟೆಗಳೊಳಗೆ ಕಾಮಾಲೆ ಕಂಡುಬಂದಲ್ಲಿ, ಅಂಗೈ, ಅಂಗಾಲು ಹಳದಿಯಾದಲ್ಲಿ ಅಥವಾ ಮಗು ಹಾಲು ಕುಡಿಯದಿದ್ದಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಚಿಕಿತ್ಸೆ ಉಚಿತವಾಗಿರುತ್ತದೆ.